ಲಾಭದ ಚೀಲ

"ಬಾಯೀ, ನಾಡಿದ್ದು ನನ್ನ ಮಗ ಕೋರ್ಟಿನ್ಯಾಗ ನಿಂತು 'ನಾನೇ ಕದ್ದೀನಿ' ಅಂತ ಒಪ್ಕೊಳ್ಳಾಂವ ಇದ್ದಾನ. ಅವ ಕದ್ದಿಲ್ರೀ. ಅಲ್ಲಾನ ಆಣಿ, ಅವ ಕದ್ದಿಲ್ಲ!"

ಇಕ್ಬಾಲ್ ಬೇಗಂ ಇಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಅಳುತ್ತ ಬರುವವರು ನನಗೆ ಹೊಸಬರಲ್ಲ. ಪೊಲೀಸ್ ನೌಕರಿ ಬಿಟ್ಟು ಪತ್ತೇದಾರಿ ಮಾಡುವ ಸಾವಿತ್ರಿಬಾಯಿಯವರ ಮಾಳಿಗೆಯ ಬಾಡಿಗೆದಾರ ನಾನು, ಅಣವೀರಪ್ಪ. ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಬಾಡಿಗೆ ಕೊಡುವವನೂ ನಾನೇ, ಅವರ ಸ್ಕೂಟರ್ ಓಡಿಸುವವನೂ ನಾನೇ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವರು ಆಡಿಕೊಳ್ಳುತ್ತಾರೆ. ಈ ಕೇಸಿನಲ್ಲಿ ಅದು ಅಲ್ಲಿಂದ ಇಳಿಯಲೇ ಇಲ್ಲ.

"ಕದೀದೇ ಇದ್ದಾಂವ ಯಾಕ ಒಪ್ಕೊಳ್ತಾನ?" ಎಂದೆ.

"ನನ್ನ ಸಲುವಾಗಿ, ಭಾಯ್. ಒಪ್ಕೊಂಡ್ರ ನಿಮ್ಮ ಜೇವರ್ಗಿ ಕಾಲೋನಿ ಮನಿ ನಿಮಗೇ ಬಿಡ್ತೀವಿ, ಇಲ್ಲಂದ್ರ ಜಪ್ತಿ ಮಾಡಸ್ತೀವಿ ಅಂತ ಕಂಪನಿ ವಕೀಲ ಹೇಳ್ಯಾನ. 'ಅಮ್ಮೀ, ನೀ ಎಲ್ಲಿ ಹೋಗ್ತಿ' ಅಂತ ಜೈಲಿನ್ಯಾಗ ಅಳ್ತಾನ."

ಅವರ ಮಗ ಗುಫ್ರಾನ್ ತೊಗರಿ ವ್ಯಾಪಾರದ ಕಂಪನಿಯೊಂದರ ಕಮಲಾಪುರ ಗೋದಾಮಿನಲ್ಲಿ ಗುಮಾಸ್ತ. ಕಂಪ್ಯೂಟರಿನ ಲೆಕ್ಕಕ್ಕಿಂತ ಇನ್ನೂರಕ್ಕೂ ಹೆಚ್ಚು ಚೀಲ ತೊಗರಿ ಕಡಿಮೆ ಬಿದ್ದಿತ್ತು. ಹೆಡ್ಡಾಫೀಸಿನ ಕಂಪ್ಯೂಟರ್ ಅಧಿಕಾರಿ ವಿವೇಕಾನಂದ, ಯಂತ್ರ ತಪ್ಪು ಮಾಡಲು ಸಾಧ್ಯವೇ ಇಲ್ಲ ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ್ದ.

"ಕಡಿಮಿ ಬೀಳೋದು ಯಾವಾಗ ಸುರು ಆಯ್ತು?" ಸಾವಿತ್ರಿಬಾಯಿ ಕೇಳಿದರು.

"ಹೊಸ ಮಷೀನ್ ಬಂದಾಗಿಂದ್ರೀ. ಲೆಕ್ಕ ತಾಳೆ ಆಗಾಕತ್ತಿಲ್ಲ ಅಂತ ಇವ ಫೋನ್ ಮಾಡಿದ್ದ. 'ಬ್ಯಾರೆ ಎಲ್ಲೂ ಆಗಿಲ್ಲ, ನಿಮ್ಮಲ್ಲಷ್ಟೇ ಹಿಂಗಾಗ್ತದ' ಅಂದ್ರಂತ ವಿವೇಕಾನಂದ ಸಾಹೇಬ್ರು. ಆ ಮಷೀನ್ ಬಂದಾಗ ಇವನಿಗಿಂತ ಮೊದಲ ಶಿವಲಿಂಗ ಅಂತ ಗುಮಾಸ್ತ ಇದ್ದ. ಅವನಿಗೂ ಇದೇ ಗತಿ. ಇದ್ದ ಹೊಲ ಮಾರಿ ತುಂಬಿದ. ಆಮ್ಯಾಲ ಬಾವಿಗಿ ಬಿದ್ದು ಸತ್ತ."

ಸಾವಿತ್ರಿಬಾಯಿ ಎದ್ದು ಚಪ್ಪಲಿ ಮೆಟ್ಟಿದರು. "ಅಣ್ಣಾರ, ಗಾಡಿ ತೆಗೀರಿ."

ಕಮಲಾಪುರದ ರಸ್ತೆ ಬದಿಯಲ್ಲಿ ಕೆಂಪು ಬಾಳೆಗೊನೆ ತೂಗುಹಾಕಿದ್ದರು. ಎಂದೂ ಬಿಡದೆ ಕೊಳ್ಳುವ ನಾನು ಅಂದು ಗಾಡಿ ನಿಲ್ಲಿಸಲಿಲ್ಲ. ಗೋದಾಮಿಗೆ ಇದ್ದದ್ದು ಒಂದೇ ಬಾಗಿಲು, ಅದರ ಮೇಲೊಂದು ಕ್ಯಾಮೆರಾ. ಲಾರಿಗೆ ಹೇರಿದ ಮಾಲು ಬಿಟ್ಟರೆ ಒಂದು ಚೀಲವೂ ಹೊರಗೆ ಹೋದದ್ದು ಅದರಲ್ಲಿ ಕಂಡಿರಲಿಲ್ಲ. ಕ್ಯಾಮೆರಾ ಬಂದ್ ಮಾಡಿ ಸಾಗಿಸಿರಬೇಕು ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು.

"ಇನ್ನೂರು ಚೀಲ ಏನು ಜೇಬಿನಾಗ ಇಟ್ಕೊಂಡು ಹೋದ್ನೇನು?" ಎಂದು ನಾನು ಕೂಗಾಡಿದೆ.

"ಸುಮ್ಕಿರ್ರಿ ಅಣ್ಣಾರ. ನೋಡೂಣು."

ರೈತರ ಟ್ರಾಕ್ಟರನ್ನು ಮೊದಲು ಹೊರಗಿನ ತೂಕದ ದೊಡ್ಡ ಕಾಟಾದ ಮೇಲೆ ತುಂಬಿದ್ದಾಗೊಮ್ಮೆ, ಬರಿದಾದ ಮೇಲೊಮ್ಮೆ ತೂಗುತ್ತಿದ್ದರು. ರೈತನಿಗೆ ದುಡ್ಡು ಕೊಡುತ್ತಿದ್ದದ್ದು ಆ ತೂಕದ ಮೇಲೆ. ಆಮೇಲೆ ಒಳಗೆ ಹಮಾಲರು ತೊಗರಿಯನ್ನು ಚೀಲಕ್ಕೆ ತುಂಬಿ, ಒಂದೊಂದಾಗಿ ಹೊಸ ಮಷೀನಿನ ತಟ್ಟೆಯ ಮೇಲಿಡುತ್ತಿದ್ದರು. ಕಂಪ್ಯೂಟರ್ ತಾನೇ ಚೀಲ ಎಣಿಸಿಕೊಳ್ಳುತ್ತಿತ್ತು. ಗುಮಾಸ್ತ ಕೂಡುವ ಕೋಣೆ ಆಚೆ ಬದಿಗಿತ್ತು. ಅಲ್ಲಿಂದ ತಟ್ಟೆ ಕಾಣುತ್ತಿರಲಿಲ್ಲ, ತಟ್ಟೆಯ ಬಳಿಯಿಂದ ಪರದೆ ಕಾಣುತ್ತಿರಲಿಲ್ಲ.

ಹೊಸ ಟ್ರಾಕ್ಟರಿನ ಮೊದಲ ಚೀಲ ಬಂತು. ಹಿರಿಯ ಹಮಾಲ ಅದನ್ನು ತಟ್ಟೆಯ ಮೇಲಿಟ್ಟು, ಅರಿಶಿನ ಹಚ್ಚಿ, ಒಂದು ಎನ್ನುವ ಬದಲು "ಲಾಭ" ಎಂದ. ಎಲ್ಲರೂ ಕೈ ಮುಗಿದರು. ಚೀಲವನ್ನು ಇಳಿಸಿ, ನೆಲಕ್ಕೆ ಮುಟ್ಟಿಸಿ, ಮತ್ತೆ ತಟ್ಟೆಯ ಮೇಲಿಟ್ಟು ತೂಕ ಮಾಡಿದರು. ನಾನೂ ಕಣ್ಣಿಗೆ ಕೈ ಒತ್ತಿಕೊಂಡೆ. ಸಾವಿತ್ರಿಬಾಯಿ ಮಾತ್ರ ಕೈ ಮುಗಿಯಲಿಲ್ಲ.

"ದಿನಾ ಹಿಂಗೇ ಮಾಡ್ತೀರೇನು, ಕಾಕಾ?"

"ದಿನಾ ಅಲ್ರೀ ಯವ್ವಾ, ಟ್ರಾಕ್ಟರಿಗೊಮ್ಮಿ. ಲಾಭ ಕೊಡದೇ ತೂಗಿದ್ರ ರಾಶಿಗಿ ಬರಕತ್ ಇರ್ತದೇನು, ಏಳ್ಗಿ ಆಗ್ತದೇನು?"

ಕೆಳಗೆ ಚೆಲ್ಲಿದ ಕಾಳನ್ನು ಒಬ್ಬ ಹೆಣ್ಣುಮಗಳು ಗುಡಿಸುತ್ತಿದ್ದಳು. ಶಿವಲಿಂಗನ ಹೆಂಡತಿ ಮಲ್ಲಿಕಾ ಅವಳೇ ಎಂದು ಹಮಾಲ ಪಿಸುಗುಟ್ಟಿದ. ಗಂಡನನ್ನು ನುಂಗಿದ ಗೋದಾಮಿನಲ್ಲೇ ಕಸ ಹೊಡೆದು ಮಕ್ಕಳನ್ನು ಸಾಕಬೇಕು! ಕಳ್ಳನ ಹೆಂಡತಿ ಎಂದು ಸಂಜೆ ಗೇಟಿನಲ್ಲಿ ಅವಳೊಬ್ಬಳ ಸೆರಗು, ಬುತ್ತಿಗಂಟು ಬಿಚ್ಚಿಸಿ ನೋಡುತ್ತಾರಂತೆ. ಸಾವಿತ್ರಿಬಾಯಿ ಮಾತಾಡಿಸಲು ಹೋದರೆ ಅವಳು ಮುಖ ತಿರುಗಿಸಿದಳು.

"ಅಂವನ ಸುದ್ದಿ ನನಗ ಬ್ಯಾಡ್ರೀ. ನಮ್ಮ ಮಾನ ಕಳದು ಹ್ವಾದ."

ಮರಳುವಾಗ ಸಾವಿತ್ರಿಬಾಯಿ ಕುಸನೂರಿನ ಕಡೆ ಗಾಡಿ ತಿರುಗಿಸಲು ಹೇಳಿದರು. ಅಲ್ಲಿಯೂ ಅದೇ ಕಂಪನಿಯ ಗೋದಾಮು, ಅದೇ ಮಷೀನು. ಅಲ್ಲಿಯ ಹಮಾಲರೂ ಲಾಭದ ಚೀಲವನ್ನು ಇಟ್ಟು, ಇಳಿಸಿ, ಮತ್ತೆ ಇಟ್ಟರು. ಒಂದೇ ವ್ಯತ್ಯಾಸ ನನ್ನ ಕಣ್ಣಿಗೂ ಬಿತ್ತು. ಆ ಮಷೀನಿನ ಪಕ್ಕದಲ್ಲಿ ಒಂದು ಹಸಿರು ಗುಂಡಿ ಇತ್ತು. ಎರಡನೆಯ ಸಲ ಚೀಲ ಇಟ್ಟ ಮೇಲೆ ಹಮಾಲ ಅದನ್ನು ಒತ್ತಿದ. ಅಲ್ಲಿಯ ಗುಮಾಸ್ತ ದಿಲೀಪ ನಮಗೆ ಚಹಾ ತರಿಸಿದ. ಹೆಡ್ಡಾಫೀಸಿನ ವಿವೇಕಾನಂದ ತನ್ನ ಅಕ್ಕನ ಗಂಡ ಎಂದು ಕೇಳದಿದ್ದರೂ ಹೇಳಿಕೊಂಡ. ಸಾವಿತ್ರಿಬಾಯಿ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಕಳುವಾದ ತೊಗರಿ ಸಿಕ್ಕಿದೆ, ನಾಳೆ ಕಮಲಾಪುರಕ್ಕೆ ಬನ್ನಿ ಎಂದು ಆ ಸಂಜೆಯೇ ಮಾಲೀಕರಿಗೂ ಇನ್ಸ್‌ಪೆಕ್ಟರಿಗೂ ಫೋನ್ ಹೋಯಿತು. ವಿವೇಕಾನಂದನನ್ನೂ ದಿಲೀಪನನ್ನೂ ಕರೆತರಲು ಸಾವಿತ್ರಿಬಾಯಿ ಹೇಳಿದರು. ಮರುದಿನ ಎಲ್ಲರೂ ಗೋದಾಮಿನಲ್ಲಿ ಸೇರಿದರು. ಇಕ್ಬಾಲ್ ಬೇಗಂ ಒಂದು ಚೀಲದ ಮೇಲೆ ಕುಳಿತು ತಸ್ಬಿಯ ಮಣಿ ಎಣಿಸುತ್ತಿದ್ದರು. ಮಲ್ಲಿಕಾ ಕಸಬರಿಗೆ ಹಿಡಿದು ಮೂಲೆಯಲ್ಲಿ ನಿಂತಿದ್ದಳು.

"ಎಲ್ಲದಾವ್ರೀ ಚೀಲ?" ಮಾಲೀಕರು ಗಡಿಬಿಡಿ ಮಾಡಿದರು.

"ಎಲ್ಲೂ ಇಲ್ಲ. ಅವು ಬಂದೇ ಇಲ್ಲ," ಎಂದರು ಸಾವಿತ್ರಿಬಾಯಿ. "ಕಾಕಾ, ಮೂರು ಚೀಲ ತೂಗ್ರಿ. ದಿನಾ ಹೆಂಗ ತೂಗ್ತೀರೋ ಹಂಗ."

ಹಮಾಲ ಲಾಭ ಕೊಟ್ಟು ಮೂರು ಚೀಲ ತೂಗಿದ. ಸಾವಿತ್ರಿಬಾಯಿ ಇನ್ಸ್‌ಪೆಕ್ಟರನ್ನು ಪರದೆಯ ಮುಂದೆ ಕರೆದೊಯ್ದರು. ಅಲ್ಲಿ ನಾಲ್ಕು ಎಂದಿತ್ತು. ಮೊದಲ ಎರಡರ ತೂಕ ಗ್ರಾಮೂ ಬಿಡದೆ ಒಂದೇ ಇತ್ತು.

"ತಟ್ಟಿ ಮ್ಯಾಲ ತೂಕ ನಿಂತಾಗೆಲ್ಲ ಈ ಕಂಪ್ಯೂಟರ್ ಹೊಸ ಚೀಲ ಅಂತ ಬರಕೊಳ್ತದ. ಇಳಿಸಿ ಮತ್ತ ಇಟ್ಟದ್ದು ಅದೇ ಚೀಲ ಅಂತ ಅದಕ್ಕ ತಿಳಿಯೂದಿಲ್ಲ. ಟ್ರಾಕ್ಟರಿಗೊಂದು ಇಲ್ಲದ ಚೀಲ ಹುಟ್ಟತದ. ರೈತರಿಗಿ ದುಡ್ಡು ಹೊರಗಿನ ಕಾಟಾದ ಮ್ಯಾಲ ಕೊಡ್ತೀರಿ, ಅದಕ್ಕ ನಿಮ್ಮ ರೊಕ್ಕ ಒಂದು ಪೈಸಾ ಹೋಗಿಲ್ಲ. ಕಡಿಮಿ ಬಿದ್ದ ಚೀಲ, ಬಂದ ಟ್ರಾಕ್ಟರ್, ಎರಡೂ ಒಂದಕ್ಕೊಂದು ಹಚ್ಚಿ ನೋಡ್ರಿ, ತಾಳೆ ಆಗ್ತದ. ಇಷ್ಟು ದಿನ ಯಾರೂ ನೋಡಲಿಲ್ಲ."

ವಿವೇಕಾನಂದ ಟೈ ಸರಿಪಡಿಸಿಕೊಂಡ. "ಇದು ಹಮಾಲರ ಮೂಢನಂಬಿಕಿ ಮೇಡಂ. ಸಾಫ್ಟ್‌ವೇರಿಗೆ ಏನೂ ಆಗಿಲ್ಲ. ನಮಗ ಇದು ಗೊತ್ತಾಗೋದಾದ್ರೂ ಹೆಂಗ?"

"ಹಂಗಾದ್ರ ಕುಸನೂರಿನ ಮಷೀನಿಗಿ ಹಸಿರು ಗುಂಡಿ ಯಾಕ ಹಾಕಿಸಿದ್ರಿ? ಒತ್ತಿದಾಗ ಮಾತ್ರ ಎಣಿಸೋ ಗುಂಡಿ? ಇಲ್ಲಿ ಮಷೀನಿಗಿ ಯಾಕ ಹಾಕಿಸಲಿಲ್ಲ?"

ಸಾವಿತ್ರಿಬಾಯಿ ದಿಲೀಪನ ಕಡೆ ತಿರುಗಿದರು. ಹುಡುಗನ ಮುಖ ಬಿಳಚಿಕೊಂಡಿತ್ತು.

"ನಂದೂ ಕಡಿಮಿ ಬಿದ್ದಿತ್ರೀ," ಎಂದ ಮೆಲ್ಲಗೆ. "ಶಿವಲಿಂಗ ಇನ್ನೂ ಇದ್ದ ಆವಾಗ. ಮಾಮಾ ಬಂದು ಒಂದಿನ ಕುಂತು ನೋಡಿದ್ರು. ಆಮ್ಯಾಲ ಗುಂಡಿ ಹಾಕ್ಸಿ, ಹಳೇ ಲೆಕ್ಕ ಅಳಿಸಿದ್ರು. ಯಾರ ಮುಂದೂ ಹೇಳಬ್ಯಾಡ ಅಂದ್ರು."

ಎಲೆಲೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಕೇಳಿದ್ದೆ. ಎತ್ತಿಗೆ ಗುಟ್ಟಾಗಿ ಔಷಧಿ ಕುಡಿಸಿ, ಎಮ್ಮೆಯನ್ನು ಕಟುಕನಿಗೆ ಕೊಡುವುದನ್ನು ಅವತ್ತೇ ಕಂಡೆ. "ನೀ ಮನುಷ್ಯ ಏನಲೇ!" ಎಂದು ವಿವೇಕಾನಂದನ ಕಡೆ ನುಗ್ಗಿದೆ. ಇನ್ಸ್‌ಪೆಕ್ಟರ್ ಅಡ್ಡ ಬಂದರು.

"ಆ ಮಷೀನ್ ಆರಿಸಿ ತರಿಸಿದಾಂವ ಇವನೇ," ಸಾವಿತ್ರಿಬಾಯಿ ದನಿ ಏರಿಸಲಿಲ್ಲ. "ತಪ್ಪದ ಅಂದ್ರ ಅವನ ಹೆಸರು ಕೆಡ್ತಿತ್ತು, ಶಿವಲಿಂಗ ತುಂಬಿದ್ದು ತಿರುಗಿ ಕೊಡಬೇಕಾಗ್ತಿತ್ತು. ಗೊತ್ತಿದ್ದೂ ಕೋರ್ಟಿನ್ಯಾಗ ಸುಳ್ಳು ಪ್ರಮಾಣ ಮಾಡಿದ. ನೀವು ಕೇಳಿದ ಕಳ್ಳ ಇಲ್ಲಿಲ್ಲ, ಸಾಹೇಬ್ರ. ಆದ್ರ ಅಪರಾಧಿ ಇದ್ದಾನ."

ಮಾಲೀಕರು ಅಷ್ಟು ಹೊತ್ತಿಗಾಗಲೇ ವಕೀಲನಿಗೆ ಫೋನ್ ಹಚ್ಚಿದ್ದರು. "ಕಂಪನಿ ಹೆಸರು ಪೇಪರಿಗೆ ಬರಬಾರದು" ಎಂದದ್ದು ನಮಗೆಲ್ಲ ಕೇಳಿಸಿತು. ಥೂ, ಇವರ ಜನ್ಮಕ್ಕಿಷ್ಟು! ಇನ್ಸ್‌ಪೆಕ್ಟರ್ ದಿಲೀಪನ ಹೇಳಿಕೆ ಬರೆಸಿಕೊಂಡು, ವಿವೇಕಾನಂದನನ್ನು ಜೀಪಿಗೆ ಹತ್ತಿಸಿದರು. ಗುಫ್ರಾನ್ ಒಪ್ಪಿಕೊಳ್ಳುವ ಮಾತು ಅಲ್ಲಿಗೆ ಮುಗಿಯಿತು. ಮುಂದೆ ಅವನು ಬಿಡುಗಡೆಯಾಗಿ ಮನೆಗೂ ಬಂದ. ಇಕ್ಬಾಲ್ ಬೇಗಂ ಸಾವಿತ್ರಿಬಾಯಿಯವರ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ನಾವು ಹೊರಡುವಾಗ ಮಲ್ಲಿಕಾ ಕಸಬರಿಗೆ ಕೆಳಗಿಟ್ಟು ಬಂದಳು.

"ಅಕ್ಕಾ, ಹಂಗಾದ್ರ ಅಂವ ಕದ್ದಿದ್ದಿಲ್ಲೇನು?"

"ಒಂದು ಕಾಳೂ ಕದ್ದಿಲ್ಲ, ತಂಗೀ."

"ಮಕ್ಕಳ ತಲಿ ಮುಟ್ಟಿ ಆಣಿ ಮಾಡಿದ್ದ. ಮನುಷ್ಯಾ ಸುಳ್ಳು ಹೇಳ್ತಾನ, ಮಷೀನ್ ಯಾಕ ಹೇಳ್ತದ ಅಂದಾಕಿ ನಾನೇ. ಮುಖ ತೋರಿಸಬ್ಯಾಡ ಅಂತ ಬಾಗಿಲಾ ಹಾಕ್ಕೊಂಡಾಕಿನೂ ನಾನೇ. ಹೊರಗ ನಿಂತು ಭಾಳ ಹೊತ್ತು ಕರದ. ನಾ ತಗೀಲಿಲ್ಲ."

ಸಾವಿತ್ರಿಬಾಯಿ ಕೆಳಗಿದ್ದ ಕಸಬರಿಗೆಯನ್ನು ಎತ್ತಿ ಗೋಡೆಗೆ ಒರಗಿಸಿದರು.

ಕೆಲಸದ ಹೊತ್ತು ಮುಗಿದಿತ್ತು. ಮಲ್ಲಿಕಾ ನಮ್ಮ ಮುಂದೆಯೇ ಗೇಟಿಗೆ ಹೋದಳು. ಕಾವಲಿನವನು ಇವತ್ತು ಅವಳನ್ನು ತಡೆಯಲಿಲ್ಲ. ಅವಳೇ ನಿಂತು, ರೂಢಿಯಂತೆ ಸೆರಗು ಕೊಡವಿ, ಬುತ್ತಿಗಂಟು ಬಿಚ್ಚಿ ಅವನ ಮುಂದೆ ಹಿಡಿದಳು. ಬೈಯಲೆಂದು ನಾನು ಬಾಯಿ ತೆರೆದೆ. ಯಾರನ್ನು ಬೈಯಬೇಕೆಂದು ತಿಳಿಯದೆ ಗಾಡಿ ಚಾಲೂ ಮಾಡಿದೆ.