ಬೀಸದ ರಾಗಿ

"ಮಾರ್ನಾಮಿ ಬಂತವ್ವ, ಬಾಗಿಲು ತೆಗೆಯವ್ವ,
ಮೊರ ತುಂಬ ರಾಗಿಯ ಮಕ್ಕಳಿಗೆ ಹೊಯ್ಯವ್ವ!"

ಗೌಡರ ಮನೆ ಬಾಗಿಲಲ್ಲಿ ನಿಂತು ಮಠದ ಮಕ್ಕಳೆಲ್ಲ ಕಿರುಚಿದರು. ಹಾಡಿದರು ಅಂತಲೇ ಹೇಳಬೇಕಿತ್ತು. ಆದರೆ ಬೆಳಗಿನಿಂದ ಮನೆ ಮನೆ ತಿರುಗಿ ಎಲ್ಲರ ಗಂಟಲೂ ಕಟ್ಟಿಹೋಗಿತ್ತು. ಎಲ್ಲರಿಗಿಂತ ಜೋರಾಗಿ ಕಿರುಚಿದವನು ಕಮ್ಮಾರರ ಮನೆಯ ಕಾಳಪ್ಪ. ಅವನ ಪಕ್ಕದಲ್ಲಿ ನಿಂತ ತಮ್ಮಯ್ಯ ಬಿದಿರಿನ ಬಿಲ್ಲಿನಿಂದ ಚೆಂಡುಹೂವಿನ ಎಸಳು ಹಾರಿಸಿದ. ಅದು ಹೋಗಿ ಗೌಡತಿಯ ಮೂಗಿಗೇ ಬಡಿಯಿತು.

"ಅಯ್ಯೋ ನಿನ್ನ! ಕಣ್ಣು ಕಾಣಾಕಿಲ್ವೇನ್ಲಾ?" ಎಂದು ಬೈಯುತ್ತಲೇ ಗೌಡತಿ ಒಂದು ಮೊರ ರಾಗಿ ತಂದಳು.

"ನನ್ ಚೀಲಕ್ಕೆ ಉಯ್ಯಿ ಅವ್ವಾ, ನನ್ ಚೀಲಕ್ಕೆ!" ಎಂದು ಕಾಳ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ. ಅವನ ಚೀಲವೇ ಎಲ್ಲರದಕ್ಕಿಂತ ದಪ್ಪಗಾಗಬೇಕು. ಅದೊಂದೇ ಆಸೆ ಅವನಿಗೆ.

ಇದು ಇನ್ನೂರು ವರ್ಷಕ್ಕೂ ಹಿಂದಿನ ಮಾತು. ಈಗಿನ ಪಾಂಡವಪುರವನ್ನು ಆಗ ಹಿರೋಡೆ ಎನ್ನುತ್ತಿದ್ದರು. ಅದರ ಹತ್ತಿರದ ಒಂದು ಹಳ್ಳಿಯಲ್ಲಿ ದಾಸಯ್ಯ ಎಂಬ ಅಯ್ನೋರು ತಮ್ಮ ಮನೆಯ ಜಗಲಿಯ ಮೇಲೆ ಮಕ್ಕಳಿಗೆ ಮರಳಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಅದೇ ಮಠ. ಪ್ರತಿ ವರ್ಷ ದಸರೆಯ ಮಾರ್ನಾಮಿ ಹಬ್ಬದಲ್ಲಿ ಮಠದ ಮಕ್ಕಳು ಮನೆ ಮನೆಗೆ ಹೋಗಿ ಪದ ಹಾಡಿ ರಾಗಿ ತರುವುದು, ಅದನ್ನು ಅಯ್ನೋರಿಗೆ ಕೊಡುವುದು, ಅವರು ಪುರಿ ಬೆಲ್ಲ ಹಂಚುವುದು ವಾಡಿಕೆ.

ಈ ವರ್ಷ ಮಾತ್ರ ಅಯ್ನೋರು, "ನಂಗೆ ಬ್ಯಾಡ ಕಣ್ರಪ್ಪ. ತೋಪಲ್ಲಿ ಬಂದು ಕುಂತವ್ರಲ್ಲ, ಅವರಿಗೆ ಕೊಟ್ಬುಡಿ" ಎಂದಿದ್ದರು. ಈ ಮಾತಿಗೆ ಅಯ್ನೋರ ಹೆಂಡತಿ ಏನಂದರೋ, ಕತೆ ಹೇಳುವ ನನಗೂ ಗೊತ್ತಿಲ್ಲ.

ತೋಪಿನಲ್ಲಿ ಇದ್ದವರು ನಾಗಮಂಗಲದ ಕಡೆಯ ಕಂಚುಗಾರರು. ಚೆಂಬು, ತಂಬಿಗೆ, ದೇವರ ದೀಪ ಎರಕ ಹೊಯ್ಯುತ್ತಿದ್ದ ಜನ. ರಾಜರ ನಡುವೆ ಲಡಾಯಿ ನಡೆದಾಗ ಹಗೆಯ ದಂಡು ಬಂದು ಅವರ ಬೀದಿಗೆ ಬೆಂಕಿ ಇಟ್ಟಿತ್ತು. ಲಡಾಯಿ ಮುಗಿದ ಮೇಲೆ ಕೆಲವರು ಊರಿಗೆ ಮರಳಿದರು. ಮರಳಿ ಹೋಗಲು ಮನೆಯೇ ಇಲ್ಲದವರು ಹುಣಸೆ ಮರಗಳ ಕೆಳಗೆ ತೆಂಗಿನ ಗರಿ ಕಟ್ಟಿಕೊಂಡು ಉಳಿದಿದ್ದರು. ಈಗ ಅಲ್ಲಿದ್ದದ್ದು ಎರಡೇ ಸಂಸಾರ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಕ್ಕಳು ತೋಪಿಗೆ ಬಂದರು. ಮೂಗಮ್ಮ ಎಂಬಾಕೆ ಎದ್ದು ಬಂದು ಸೆರಗು ಒಡ್ಡಿದಳು. ಕಾಳ ತನ್ನ ಚೀಲ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಸುರಿದ. ಮೂಗಮ್ಮ ಮುಖ ಎತ್ತಲಿಲ್ಲ. 'ಒಳ್ಳೇದಾಗ್ಲಪ್ಪ' ಎಂದಾದರೂ ಅಂದಾಳು ಎಂದು ಕಾಳ ಕಾದ. ಅವಳು ಹಾಗೇ ತಿರುಗಿ ರಾಗಿಯನ್ನು ಚಾಪೆಯ ಮೇಲೆ ಸುರಿದಳು. ಕಾಳನಿಗೆ ಒಂಥರಾ ಆಯಿತು.

"ಎಲ್ಲಾರಿಗಿಂತ ನಂದೇ ಜಾಸ್ತಿ. ಈವತ್ತು ಮುದ್ದೆ ಮಾಡ್ಕಂಡು ಒಟ್ಟೆ ತುಂಬ ಉಣ್ಣಿ" ಎಂದ, ಊರ ಯಜಮಾನನ ಹಾಗೆ.

ಅಷ್ಟರಲ್ಲಿ ಗರಿ ಗುಡಿಸಲಿನ ಒಳಗಿಂದ ಒಬ್ಬ ಹುಡುಗಿ ಹೊರಗೆ ಬಂದಳು. ಮೂಗಮ್ಮನ ಮಗಳು ಕೆಂಚಿ. ಕಾಳನಿಗಿಂತ ಚಿಕ್ಕವಳು, ಆದರೆ ಮಾತು ಮಾತ್ರ ಮೆಣಸಿನಕಾಯಿ.

"ಎಂಗ್ ಮಾಡದು ಮುದ್ದೆಯ? ಬೀಸೋ ಕಲ್ಲೂ ನೀನೇ ತಂದಿದ್ದೀಯಾ?" ಎಂದಳು.

"ಸುಮ್ಕಿರೇ ಕೆಂಚಿ!" ಮೂಗಮ್ಮ ಗದರಿದಳು.

"ಯಾಕ್ ಸುಮ್ಕಿರ್ಬೇಕು? ದಿನಾ ಊರೊಳಕ್ಕೋಗಿ ಯಾರ ಮನೇಲಾದ್ರೂ ಬೀಸ್ಕಂಡ್ ಬತ್ತಿದ್ದೊ. ಈವತ್ತು ಎಲ್ಲಾರೂ ಕಲ್ಲು ತೊಳ್ದು ಅರಿಸಿನ ಕುಂಕುಮ ಇಕ್ಬುಟ್ಟವ್ರೆ. ಮುಟ್ಟಗೊಡಾಕಿಲ್ಲ."

ನಾಳೆ ಆಯುಧಪೂಜೆ. ಸುತ್ತಿಗೆ, ನೇಗಿಲು, ಕುಡುಗೋಲು, ಒನಕೆ, ಬೀಸುವ ಕಲ್ಲು, ಎಲ್ಲಕ್ಕೂ ಪೂಜೆ. ಪೂಜೆಗೆ ಇಟ್ಟದ್ದನ್ನು ಹಬ್ಬ ಮುಗಿಯುವ ತನಕ ಯಾರೂ ಕೆಲಸಕ್ಕೆ ಮುಟ್ಟುವುದಿಲ್ಲ. ಇದು ಕಾಳನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಬೀಸದೆ ರಾಗಿ ಹಿಟ್ಟಾಗದು ಎನ್ನುವುದು ಅವನಿಗೆ ಹೊಳೆದೇ ಇರಲಿಲ್ಲ. ಅವನು ಏಳುವ ಹೊತ್ತಿಗೆ ಮನೆಯಲ್ಲಿ ಬೀಸುವ ಕೆಲಸ ಮುಗಿದು ಕಲ್ಲು ಮೂಲೆ ಸೇರಿರುತ್ತಿತ್ತು.

ಮರಕ್ಕೆ ಒರಗಿ ಕೂತಿದ್ದ ಕೆಂಚಿಯ ತಾತ ಬೊಚ್ಚು ಬಾಯಿ ತೆರೆದು ನಕ್ಕ. "ಅಲ್ಲು ಇದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಅಲ್ಲು ಇಲ್ಲ. ಅಂಗಾಯ್ತು ನಮ್ ಕತೆ. ಓಗ್ಲಿ ಬುಡವ್ವ, ಮಕ್ಕಳು ಆಸೆಯಿಂದ ತಂದವೆ" ಎಂದ.

ಕೆಂಚಿ ಮಾತ್ರ ಬಿಡಲಿಲ್ಲ. ಒಂದು ಚಪ್ಪಡಿ ಕಲ್ಲನ್ನು ತೋರಿಸಿದಳು. ಅದರ ಮೇಲೆ ಗುಂಡು ಕಲ್ಲಿನಿಂದ ಕುಟ್ಟಿದ ರಾಗಿ ಇತ್ತು. ಅರ್ಧ ನುಚ್ಚು, ಅರ್ಧ ಮಣ್ಣು. "ಬೆಳಿಗ್ಗೆ ಇದ್ನೇ ಕಾಸಿ ಕೊಟ್ಟೊ. ಕೂಸು ಬಾಯಿಗಿಕ್ಕಂಡು ಉಗುದ್ಬುಡ್ತು" ಎಂದಳು. ಗುಡಿಸಲಿನಲ್ಲಿ ಒಂದು ಮಗು ಅತ್ತು ಅತ್ತು ಸುಸ್ತಾಗಿ ಮಲಗಿತ್ತು.

ಕಾಳನ ಕಿವಿ ಬಿಸಿಯಾಯಿತು. ಬೆಳಗಿನಿಂದ ಹೊತ್ತು ತಂದ ರಾಗಿ ಕಣ್ಣ ಮುಂದೆಯೇ ರಾಶಿ ಬಿದ್ದಿತ್ತು. ಒಂದು ಮಗುವಿನ ಹೊಟ್ಟೆಗೂ ಅದು ಆಗುವ ಹಾಗಿರಲಿಲ್ಲ.

"ಇಲ್ಲಿ ತತ್ತಾ. ನಮ್ಮಜ್ಜಿ ಕೈಲಿ ಬೀಸಿಸ್ಕಂಡ್ ಬತ್ತೀನಿ" ಎಂದು ಅರ್ಧ ಚೀಲ ತುಂಬಿಕೊಂಡ.

"ದಿಟ್ವಾಗ್ಲೂ ಬತ್ತೀಯಾ?"

"ಕಾಳಮ್ಮನಾಣೆಗೂ ಬತ್ತೀನಿ. ಈವತ್ತೇ."

ಮನೆದೇವರ ಮೇಲೆ ಆಣೆ ಇಟ್ಟದ್ದೇನೋ ಆಯಿತು. ಮನೆಗೆ ಬಂದು ನೋಡಿದರೆ ಅಜ್ಜಿ ಅಣ್ಣಮ್ಮ ಅಪ್ಪನ ಸುತ್ತಿಗೆ, ಇಕ್ಕಳ, ಗಾಳಿ ಊದುವ ತಿದಿ ಎಲ್ಲ ಸಾಲಾಗಿ ಇಟ್ಟು, ಕೊನೆಯಲ್ಲಿ ಬೀಸುವ ಕಲ್ಲಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಹೂ ಮುಡಿಸಿ ಕೂತಿದ್ದಳು. ಕಲ್ಲು ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು.

"ಅಜ್ಜೀ, ಇದೊಸಿ ಬೀಸ್ಕೊಡು."

"ತಲೆ ಕೆಟ್ಟದಾ ನಿಂಗೆ? ಪೂಜೆಗಿಟ್ಟಿರಾ ಕಲ್ಲು ಕಣ್ಲಾ!"

"ಒಸಿನೇ ಅಜ್ಜಿ, ಒಂಚೂರು."

"ಒಸಿನೂ ಇಲ್ಲ, ಗಿಸಿನೂ ಇಲ್ಲ. ನಡಿ ಆಚೆಗೆ."

ಯಾರಿಗೆ, ಯಾಕೆ ಎಂದು ಕಾಳ ಹೇಳಲಿಲ್ಲ. ಹೇಗೆ ಹೇಳುವುದು? ಊರಿಗೆಲ್ಲ ದೊಡ್ಡ ಚೀಲ ತೋರಿಸಿಕೊಂಡು ಬಂದವನು, 'ನಾ ಕೊಟ್ಟದ್ದನ್ನು ಉಣ್ಣೋಕೇ ಆಗಲಿಲ್ಲ' ಎಂದು ಹೇಳಿದರೆ ಅಪ್ಪ ನಗುವುದಿಲ್ಲವೇ? ತಮ್ಮಯ್ಯನ ಮನೆಗೆ ಓಡಿದ. ಅಲ್ಲೂ ಕಲ್ಲಿಗೆ ಹೂ. ಗೌಡರ ಮನೆಗೆ ಹೋದ. ಗೌಡರು "ಬೀಸ್ಕಳಲಿ ಬುಡು" ಎಂದರು. ಆದರೆ ಅವರ ಮನೆ ಆಳು ಮುದುಕಿ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ.

ಕಾಳ ಮತ್ತೆ ಮನೆಗೆ ಬಂದ. ಅಪ್ಪ ಕೆರೆಗೆ ಹೋಗಿದ್ದ. ಅವ್ವ ಸೌದೆಗೆ ಹೋಗಿದ್ದಳು. ಅಜ್ಜಿ ಹಿತ್ತಲಲ್ಲಿ ಸಗಣಿ ಕಲಸುತ್ತಿದ್ದಳು. ಮನೆಯಲ್ಲಿ ಕಲ್ಲು ಮತ್ತು ಕಾಳ ಇಬ್ಬರೇ.

ಅವನು ಕಲ್ಲಿನ ಮುಂದೆ ಕೂತ. ಹಿತ್ತಲ ಕಡೆ ಒಮ್ಮೆ ತಿರುಗಿ ನೋಡಿದ. ಹೂವನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟ. ಒಂದು ಹಿಡಿ ರಾಗಿ ಸುರಿದು ಗೂಟ ಹಿಡಿದು ತಿರುಗಿಸಿದ. ಕಲ್ಲು ಅಲುಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಎಳೆದ. ಗರ್ರ್... ಅರ್ಧ ಸುತ್ತು ಬಂತು. ಇದನ್ನು ಅಜ್ಜಿ ದಿನಾ ಹೇಗೆ ತಿರುಗಿಸುತ್ತಾಳೆ! ಅದೂ ಹಾಡು ಹೇಳಿಕೊಂಡು! ಮತ್ತೆ ಎಳೆದ. ರಾಗಿ ಹಿಟ್ಟಾಗದೆ ಸುತ್ತಲೂ ಚೆಲ್ಲಿತು. ಚೆಲ್ಲಿದ್ದಕ್ಕೆಲ್ಲ ಕುಂಕುಮ ಮೆತ್ತಿಕೊಂಡಿತು.

ಬೀಸುವ ಕಲ್ಲಿನ ಸದ್ದು ಯಾವ ಅಜ್ಜಿಗೆ ತಿಳಿಯದು? ಅಣ್ಣಮ್ಮ ಸಗಣಿ ಕೈಯಲ್ಲೇ ಓಡಿ ಬಂದಳು.

"ಅಯ್ಯಯ್ಯೋ! ಏನ್ ಕೆಲ್ಸ ಮಾಡ್ಬುಟ್ಟೆ ಮುಂಡೇದೇ!" ಎಂದು ತಲೆಗೆ ಒಂದು ಮೊಟಕಿದಳು. ಇನ್ನೊಂದಕ್ಕೆ ಕೈ ಎತ್ತಿದವಳು ಹಾಗೇ ನಿಂತಳು. ಕಾಳ ಓಡಿಹೋಗಿರಲಿಲ್ಲ. ಗೂಟ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಯಾರಿಗ್ಲಾ ಇದು?"

"ತೋಪಿನೋರ್ಗೆ ಅಜ್ಜಿ. ಅವರ್ತಾವ ಕಲ್ಲಿಲ್ಲ. ನಾವು ಬರೀ ರಾಗಿ ಕೊಟ್ಬುಟ್ಟೊ. ಆ ಕೂಸು ಮಣ್ಣು ಉಗೀತಾ ಅದಂತೆ. ಈವತ್ತೇ ತತ್ತೀನಿ ಅಂತ ಆಣೆ ಇಟ್ಬುಟ್ಟಿವ್ನಿ."

ಅಣ್ಣಮ್ಮ ಹೋಗಿ ಕೈ ತೊಳೆದು ಬಂದಳು. ಮೂಲೆಯಿಂದ ಹಿಟ್ಟಿನ ಮಡಕೆ ಎತ್ತಿ ತಂದಳು. ಹಬ್ಬದಲ್ಲಿ ಕಲ್ಲು ಮುಟ್ಟುವ ಹಾಗಿಲ್ಲವಲ್ಲ, ಮನೆಗೆ ಬೇಕಾದ ಹಿಟ್ಟನ್ನೆಲ್ಲ ಮೊದಲೇ ಬೀಸಿ ತುಂಬಿಟ್ಟಿದ್ದಳು. ಅದನ್ನು ತಳ ಕೆರೆದು ಒಂದು ಬಟ್ಟೆಗೆ ಸುರಿದು ಗಂಟು ಕಟ್ಟಿದಳು.

ಕಾಳ ಕಣ್ಣು ಒರೆಸಿಕೊಂಡು, "ಇದ್ರ ಬದ್ಲು ಈ ರಾಗಿ ತಗೊ ಅಜ್ಜಿ" ಎಂದು ಚೀಲ ಮುಂದೆ ಚಾಚಿದ.

"ಕೊಟ್ಟಿದ್ದ ಈಸ್ಕಳಾಕಾಯ್ತದಾ? ಅದ್ನೂ ತಗಂಡೋಗು. ಅಬ್ಬ ಕಳೀಲಿ, ನಮ್ಮನೇಗೇ ಬಂದು ಬೀಸ್ಕಳ್ಳಿ ಅಂತ ಯೋಳು."

"ಈವತ್ತು ನಮಗೆ?"

"ಉಳ್ಳಿಕಾಳು ಬೇಯಿಸ್ತೀನಿ. ಅದ್ಕೇನೀಗ?"

ಕಾಳ ಬಾಗಿಲ ತನಕ ಹೋಗಿ ತಿರುಗಿ ನೋಡಿದ. ಕಲ್ಲಿನ ಕುಂಕುಮವೆಲ್ಲ ಅಳಿಸಿಹೋಗಿತ್ತು. "ಕಾಳಮ್ಮ ಮುನಿಸ್ಕಂಡ್ರೆ?" ಎಂದ ಮೆಲ್ಲಗೆ.

"ಅವಳ್ಗೆ ನಾ ಯೋಳ್ಕತೀನಿ. ನೀ ಓಗು, ಒತ್ತು ಮುಳುಗ್ತದೆ" ಎಂದು ಅಜ್ಜಿ ಕಲ್ಲು ತೊಳೆಯಲು ನೀರು ತಂದಳು.

ದಾರಿಯಲ್ಲಿ ತಮ್ಮಯ್ಯನೂ ಸಿಕ್ಕಿದ. ಸಂಗತಿ ತಿಳಿದು ಅವರವ್ವನಿಂದ ಒಂದು ಕುಡಿಕೆ ಹಿಟ್ಟು ಈಸಿಕೊಂಡು ಬಂದ. ತೋಪು ತಲುಪಿದಾಗ ಕೆಂಚಿ ದಾರಿಯಲ್ಲೇ ನಿಂತಿದ್ದಳು. ಗಂಟು ಕಿತ್ತುಕೊಂಡು, ಬಿಚ್ಚಿ, ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ, "ಅವ್ವಾ! ಇಟ್ಟು!" ಎಂದು ಓಡಿದಳು. ತಮ್ಮಯ್ಯ ಕುಡಿಕೆ ಕೊಟ್ಟು, ದನ ಕಟ್ಟಬೇಕು ಎಂದು ಮನೆಗೆ ಓಡಿದ.

ಕಾಳನೂ ಹೊರಟ. ಮೂಗಮ್ಮ ಬಿಡಲಿಲ್ಲ. "ಒಲೆ ಅಚ್ಚಿವ್ನಿ. ಕುಂತ್ಕಳಪ್ಪ" ಎಂದಳು.

ಒಲೆ ಎಂದರೆ ಮೂರು ಕಲ್ಲು. ಎಸರು ಮರಳಿತು. ಮೂಗಮ್ಮ ಹಿಟ್ಟು ಹಾಕಿ, ಕೋಲಿನಲ್ಲಿ ತೊಳಸಿ, ಮುದ್ದೆ ಕಟ್ಟಿದಳು. ಪಕ್ಕದ ಮಡಕೆಯಲ್ಲಿ ಹೊಲದ ಬದುವಿನಿಂದ ಕಿತ್ತು ತಂದ ಬೆರಕೆ ಸೊಪ್ಪಿನ ಉಪ್ಸಾರು ಘಮಘಮಿಸುತ್ತಿತ್ತು. ಮೊದಲು ಮಗುವಿಗೆ ತಿನ್ನಿಸಿದಳು. ಅದು ಉಗುಳಲಿಲ್ಲ. ಇನ್ನೂ ಬೇಕೆಂದು ಬಾಯಿ ತೆರೆಯಿತು.

ಆಮೇಲೆ ಮೂಗಮ್ಮ ನೆಲ ಒರೆಸಿ, ಮುತ್ತುಗದ ಎಲೆ ಹಾಕಿ, ಒಂದು ಮುದ್ದೆ ಇಟ್ಟಳು. ಎಲೆ ಕಾಳನ ಮುಂದೆಯೇ ಇತ್ತು.

"ನಂಗೆ ಬ್ಯಾಡ. ನಮ್ಮನೇಲಿ ಉಂಡಿವ್ನಿ" ಎಂದು ಕಾಳ ಸುಳ್ಳು ಹೇಳಿದ. ಅವನ ಹೊಟ್ಟೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದು ಗುರ್ರೆಂದಿತು. ಕೆಂಚಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

"ನೀವು ಕಬ್ಬಿಣ ಬಡಿಯೋರು, ನಾವು ಕಂಚು ಉಯ್ಯೋರು. ನಾವೂ ನಿಮ್ ಕುಲದೋರೇ ಕಣ್ಲಾ, ನಮ್ತಾವ ಉಂಡ್ರೆ ಏನೂ ತೆಪ್ಪಿಲ್ಲ" ಎಂದ ತಾತ. "ಬಂದ ನೆಂಟ ಬರೀ ಒಟ್ಟೇಲಿ ಎದ್ದೋದ್ರೆ, ನಮ್ಮನೆ ಒಂದು ಮನೆಯಾ?"

ಕಾಳ ಸುತ್ತ ನೋಡಿದ. ಅಲ್ಲಿ ಗೋಡೆ ಇರಲಿಲ್ಲ, ಬಾಗಿಲೂ ಇರಲಿಲ್ಲ. ಎಲೆ ಹಾಕಿದ ಕಡೆ ಮಾತ್ರ ನೆಲ ಒರೆಸಿ ಹಸಿಯಾಗಿತ್ತು. ಅವನು ಚಕ್ಕಂಬಕ್ಕಲ ಹಾಕಿ ಕೂತ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದ. ಸೊಪ್ಪಿನ ಸಾರು ಖಾರವಾಗಿ, ಬಿಸಿಯಾಗಿ, ಬಹಳ ರುಚಿಯಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟ.

ಮೂಗಮ್ಮ ಆಗ ಮುಖ ಎತ್ತಿದಳು. ಅವನನ್ನೇ ನೋಡಿ ನಕ್ಕಳು. "ನಮ್ಮೂರಲ್ಲಾಗಿದ್ರೆ ತುಪ್ಪ ಬುಡ್ತಿದ್ದೆ ಕಣಪ್ಪ" ಎಂದಳು.

ಕಾಳನ ಹೊಟ್ಟೆ ತುಂಬಿತ್ತು. ಇನ್ನೊಂದು ಗುಟುಕಿಗೂ ಜಾಗ ಇರಲಿಲ್ಲ. ಆದರೂ ಅವನು ಎಲೆಯನ್ನು ಮುಂದಕ್ಕೆ ಸರಿಸಿದ.

"ಅವ್ವಾ, ಇನ್ನೊಸಿ ಸಾರು ಬುಡವ್ವ."