ಟೇಪಿನಲ್ಲಿ ಉಳಿದಿದ್ದ ನಗು

"ಅಳಿಸಿಬಿಡಿ ಅದನ್ನ."

ಬಾಗಿಲಲ್ಲೇ ನಿಂತು ಅವನು ಆಡಿದ ಮೊದಲ ಮಾತು ಅದು. ಅವಳು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ಕಕ್ಕಾಬಿಕ್ಕಿಯಾಗಿ ನೋಡಿದಳು.

ರೇಡಿಯೋ ನಿಲಯದ ಹಳೇ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು ಅವಳ ಕೆಲಸ. ಕಿಟಕಿಯೇ ಇಲ್ಲದ ನೆಲಮಾಳಿಗೆಯ ಕೋಣೆ. ಹೋದ ತಿಂಗಳು ಕಬ್ಬಿಣದ ಬೀರುವಿನ ಹಿಂದೆ ಬಿದ್ದಿದ್ದ ಡಬ್ಬದಲ್ಲಿ ಈ ಟೇಪು ಸಿಕ್ಕಿತ್ತು. ಐದು ಜನರ ಜಾಝ್ ತಂಡವೊಂದು ಎಷ್ಟೋ ವರ್ಷಗಳ ಹಿಂದೆ ಮೇಲಿನ ಸ್ಟುಡಿಯೋದಲ್ಲಿ ಇಡೀ ದಿನ ನುಡಿಸಿದ್ದು. ಪ್ರಸಾರವೇ ಆಗಿರಲಿಲ್ಲ. ಈಗ ಮಾಡಬೇಕೆಂದರೆ ತಂಡ ಕಟ್ಟಿದ ಗಿಟಾರಿಸ್ಟ್ ಒಪ್ಪಬೇಕಿತ್ತು. ಅವಳೇ ಹುಡುಕಿ ಕರೆಸಿದ್ದಳು.

ಆದರೆ ಅವಳಿಗೆ ಅದು ಬರೀ ಕೆಲಸವಾಗಿರಲಿಲ್ಲ...

ಅಮ್ಮ ಹೋದ ಮೇಲೆ ಅವಳ ಜೊತೆ ಕೂತು ಉಣ್ಣುವವರೇ ಇರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಕೂಡಲೇ ಆ ಟೇಪು ಹಾಕುತ್ತಿದ್ದಳು. ಸಂಗೀತಕ್ಕಿಂತ ನಡುನಡುವೆ ಅವರಾಡುವ ಹರಟೆಯೇ ಇಷ್ಟ. ಅದರಲ್ಲೂ ಗಿಟಾರಿಸ್ಟ್‌ನ ನಗು... ಹೊಟ್ಟೆಯಾಳದಿಂದ ಉಕ್ಕಿ ಬರುವ ನಗು. ಅದನ್ನು ಕೇಳಿ ಅವಳೂ ಒಬ್ಬಳೇ ನಕ್ಕುಬಿಡುತ್ತಿದ್ದಳು.

ಎದುರಿಗೆ ನಿಂತವನ ಮುಖದಲ್ಲಿ ಆ ನಗುವಿನ ಸುಳಿವೇ ಇರಲಿಲ್ಲ.

"ಯಾಕೆ ಸಾರ್ ಅಳಿಸಬೇಕು?"

"ಟ್ರಂಪೆಟ್ ಊದಿರೋದು ನನ್ನ ತಮ್ಮ. ಅವನೀಗ ಇಲ್ಲ. ಅವನು ಹೋದ ಮೇಲೆ ನಾನು ಗಿಟಾರ್ ಮುಟ್ಟಿಲ್ಲ. ಒಂದು ಕನ್ನಡಕದ ಅಂಗಡಿ ಇಟ್ಕೊಂಡು ಹೇಗೋ ಇದೀನಿ."

"ಒಂದೇ ಒಂದ್ಸಲ ಕೇಳಿ. ಆಮೇಲೂ ಬೇಡ ಅನ್ನಿಸಿದ್ರೆ ಅಳಿಸಿಬಿಡೋಣ."

ಅವನು ಒಲ್ಲದ ಮನಸ್ಸಿನಿಂದ ಕೂತ. ಟೇಪು ತಿರುಗಿತು.

"ಅಣ್ಣಾ, ಅತ್ತಿಗೆ ಮುನಿಸ್ಕೊಂಡಿದಾರೆ. ಸಮಾಧಾನ ಮಾಡೋ!" ತಮ್ಮನ ದನಿ. ಹಿಂದೆಯೇ ಎಲ್ಲರ ನಗು.

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ನೀರಿನ ಲೋಟ ಅವನತ್ತ ಸರಿಸಿ, ಗೋಡೆ ನೋಡುತ್ತಾ ಕೂತಳು.

ಅಳಿಸಿ ಎಂದು ಅವನು ಮತ್ತೆ ಹೇಳಲಿಲ್ಲ. "ನಾಳೆನೂ ಬರಬಹುದಾ?" ಎಂದ.

ಬಂದ. ಆಮೇಲೆ ದಿನಾ ಮಧ್ಯಾಹ್ನ ಬರತೊಡಗಿದ. ಅವಳು ಎರಡು ತುತ್ತು ಹೆಚ್ಚಾಗಿಯೇ ತರತೊಡಗಿದಳು. ಒಂದು ದಿನ ಅವಳ ಕನ್ನಡಕದ ಸಡಿಲವಾಗಿದ್ದ ಕಡ್ಡಿ ಬಿಗಿ ಮಾಡಿ ಅವನೇ ತೊಡಿಸಿದ. ಕಿವಿಯ ಹಿಂದೆ ಬೆರಳು ತಾಗಿದ್ದಷ್ಟೇ... ಎದೆ ಹೊಡೆದುಕೊಂಡಿತು.

'ಹುಚ್ಚೀ, ಅವರಿಗೆ ಹೆಂಡತಿ ಇದಾರೆ. ಟೇಪಲ್ಲಿ ನೀನೇ ಕೇಳಿದೀಯಲ್ಲ' ಎಂದು ತನ್ನನ್ನೇ ಗದರಿಕೊಂಡಳು.

ಹಾಗಾಗಿ "ಸಂಜೆ ಎಲ್ಲಾದ್ರೂ ಕೂತು ಕಾಫಿ ಕುಡಿಯೋಣವಾ?" ಎಂದು ಅವನು ಕೇಳಿದಾಗ, ಮುಖ ತಿರುಗಿಸಿ ಹೇಳಿದಳು. "ಬೇಡ. ಮನೇಲಿ ಕಾಯ್ತಿರ್ತಾರೆ."

ಅವಳು ಹೇಳಿದ್ದು ಅವನ ಮನೆಯ ಮಾತು. ಅವನಿಗೆ ಕೇಳಿಸಿದ್ದು ಅವಳ ಮನೆಯ ಮಾತು.

"ಓ... ನಂಗೆ ಗೊತ್ತಿರಲಿಲ್ಲ. ತಪ್ಪು ತಿಳ್ಕೋಬೇಡಿ."

ಮರುದಿನ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ. ಒಪ್ಪಿಗೆ ಪತ್ರವೊಂದೇ ಅಂಚೆಯಲ್ಲಿ ಬಂತು.

ಟೇಪು ಹಾಕಿದರೂ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಮೊದಲು ಆ ಐದು ಜನರ ಸದ್ದೇ ಸಾಕಾಗಿತ್ತು. ಈಗ ಎದುರಿನ ಖಾಲಿ ಕುರ್ಚಿಯೇ ಕಣ್ಣಿಗೆ ಹೊಡೆಯುತ್ತಿತ್ತು.

ಪ್ರಸಾರದ ದಿನ ಗೊತ್ತಾದಾಗ, ಟೇಪಿನ ಒಂದು ಪ್ರತಿಯನ್ನು ಸಿ.ಡಿ.ಗೆ ಹಾಕಿಕೊಂಡು ಅವಳೇ ಅಂಗಡಿಗೆ ಹೋದಳು. ಅವನು ಕೌಂಟರಿನ ಹಿಂದೆ ಕೂತು ಗಾಜು ಒರೆಸುತ್ತಿದ್ದ.

"ಭಾನುವಾರ ಪ್ರಸಾರ ಆಗುತ್ತೆ. ಇದು ನಿಮಗೆ. ನಿಮ್ಮ ಮನೆಯವರೂ ಕೇಳ್ಲಿ."

"ಯಾರು ಮನೆಯವರು?"

"ನಿಮ್ಮ ಹೆಂಡತಿ... ನಿಮ್ಮ ತಮ್ಮ ಅತ್ತಿಗೆ ಅಂತಾರಲ್ಲ, ಅವರು."

ಅವನು ಕಣ್ಣು ಮಿಟುಕಿಸದೆ ನೋಡಿದ. ಮರುಕ್ಷಣ ನಕ್ಕ. ಅದೇ ನಗು! ಟೇಪಿನಲ್ಲಿ ಅವಳು ಕೇಳಿ ಕೇಳಿ ಮನಸೋತ ನಗು.

"ಅದು ನನ್ನ ಗಿಟಾರ್ ಕಣ್ರೀ. ಸದಾ ಅದನ್ನೇ ತಬ್ಕೊಂಡಿರ್ತೀನಿ ಅಂತ ಅವನು ಇಟ್ಟ ಹೆಸರು. ಶ್ರುತಿ ತಪ್ಪಿದ್ರೆ ಅತ್ತಿಗೆ ಮುನಿಸ್ಕೊಂಡ್ರು ಅಂತ ರೇಗಿಸ್ತಿದ್ದ. ನಂಗೆ ಮದುವೇನೇ ಆಗಿಲ್ಲ."

ನಗುತ್ತಲೇ ಅವನ ಕಣ್ಣು ತುಂಬಿತು. "ಅವನನ್ನ ನೆನೆದು ನಕ್ಕಿದ್ದು ಇದೇ ಮೊದಲು..."

ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದ. "ಹಾಗಾದ್ರೆ ನಿಮ್ಮನೇಲಿ ಕಾಯ್ತಿರೋರು?"

"ಯಾರೂ ಇಲ್ಲ. ಬೀಗ ತೆಗೆದು ನಾನೇ ದೀಪ ಹಾಕ್ಕೋಬೇಕು."

ಅವನು ಒರೆಸುತ್ತಿದ್ದ ಗಾಜನ್ನು ಕೆಳಗಿಟ್ಟ.

"ಮೊದಲೆರಡು ದಿನ ತಮ್ಮನ ದನಿ ಕೇಳೋಕೆ ಅಂತಲೇ ಬಂದೆ. ಆಮೇಲೆ ಬರ್ತಿದ್ದದ್ದು ನಿಮಗೋಸ್ಕರ."

"ಆ ಕಾಫಿ ಇನ್ನೂ ಬಾಕಿ ಇದೆ," ಎಂದಳು ಅವಳು.

ಅವನು ಎದ್ದು ಅಂಗಡಿಯ ದೀಪ ಆರಿಸಿದ. "ಬನ್ನಿ, ಹೋಗೋಣ."

"ಇನ್ಮೇಲೆ ಈ ಬನ್ನಿ, ಹೋಗಿ ಎಲ್ಲ ಬೇಡ."

"ಮತ್ತೇನನ್ನಲಿ?"

"ಬಾ ಅನ್ನಿ."

"ನೀವು ಮಾತ್ರ ಅನ್ನಿ ಅಂತೀರಾ?"

ಅವಳು ತಲೆ ತಗ್ಗಿಸಿ, ಕೇಳಿಯೂ ಕೇಳದಷ್ಟು ಮೆತ್ತಗೆ ತಿದ್ದಿಕೊಂಡಳು. "ಬಾ... ಅನ್ನು."

"ಬಾ," ಎಂದ ಅವನು.