ಮೃಗ ತಪ್ಪಾಗಿ ಕೇಳಿಸಿಕೊಂಡ ಮಾತು

ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ ಹೊಂಗೆರೆ ಅಂತ ಒಂದು ರಾಜ್ಯವಿತ್ತು. ಅಲ್ಲಿದ್ದ ಕೆರೆ ಎಂಥದ್ದು ಅಂತೀರಿ? ಈ ದಡದಲ್ಲಿ ಮದುವೆಯಾಗಿ ಹರಿಗೋಲು ಹತ್ತಿದವರು ಆ ದಡ ಮುಟ್ಟುವಾಗ ಮೊಮ್ಮಕ್ಕಳ ಕೈಹಿಡಿದು ಇಳಿಯುತ್ತಿದ್ದರು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ.

ಅಲ್ಲಿಯ ರಾಜ ತುಂಗಶೇಖರನಿಗೆ ಚಿನ್ನದ ಊರು ಕಟ್ಟುವ ಹುಚ್ಚು. ಕರಿನಾಲಗೆ ಎಂಬ ಮಾಂತ್ರಿಕ ಅವನಿಗೊಂದು ಮೃಗ ತಂದುಕೊಟ್ಟ. ಅದರ ಹೆಸರು ನುಂಗ. ಬೆನ್ನ ಮೇಲೆ ಮೋಡ ತಂಗುವಷ್ಟು ಎತ್ತರ. ಅದು ಎದುರಿಗಿದ್ದದ್ದನ್ನು ನುಂಗಿ ಹೊಟ್ಟೆಯಲ್ಲಿಟ್ಟುಕೊಳ್ಳುತ್ತಿತ್ತು, ಚಿನ್ನದ ಇಟ್ಟಿಗೆ ಬೆವರುತ್ತಿತ್ತು. ರಾಜ "ಬೇಕು" ಅಂದ, ಕಾಡು ಹೋಯಿತು. "ಇನ್ನೂ ಬೇಕು" ಅಂದ, ಬೆಟ್ಟ ಹೋಯಿತು. ಬೆಟ್ಟವಿಲ್ಲದೆ ಮಳೆಗೆ ದಾರಿ ತಪ್ಪಿತು. "ಮತ್ತೂ ಬೇಕು" ಅಂದ, ನುಂಗ ಕೆರೆಗೆ ಬಾಯಿಟ್ಟಿತು.

ಜನ ಚಿನ್ನದ ಇಟ್ಟಿಗೆ ಹೊತ್ತುಕೊಂಡು ನೀರಿರುವ ಸೀಮೆ ಹುಡುಕಿ ಹೋದರು. ದಡದಲ್ಲಿ ಉಳಿದವನು ಅಂಬಿಗರ ದುಗ್ಗ ಒಬ್ಬನೇ. ಹೆತ್ತವರಿಲ್ಲ, ಒಡಹುಟ್ಟಿದವರಿಲ್ಲ. ಮಾತಿಗೆ ಯಾರೂ ಇಲ್ಲದೆ ಹರಿಗೋಲಿನ ಹುಟ್ಟಿನ ಜೊತೆ ಜಗಳವಾಡುತ್ತಿದ್ದ. ಅದು ತಿರುಗಿ ಬೈಯುತ್ತಿರಲಿಲ್ಲ ಅನ್ನುವುದೇ ಅವನ ಸಂಕಟ. ಕೆರೆಯ ನಡುವೆ ಒಂದು ಮಡು ಉಳಿದಿತ್ತು. ಅದೂ ಹೋದರೆ ಹರಿಗೋಲು ಬರೀ ಬುಟ್ಟಿ, ಅವನು ಯಾರೂ ಅಲ್ಲ.

ನುಂಗ ಮಡುವಿಗೆ ಬಾಯಿಟ್ಟ ದಿನ ದುಗ್ಗ ದಡದಲ್ಲಿ ನಿಂತು "ಸಾಕು" ಅಂತ ಕೂಗಿದ. ಮೃಗದ ಕಿವಿಯಲ್ಲಿ ಹದ್ದುಗಳು ಸಂಸಾರ ಹೂಡಿದ್ದವು. ಆ ಗಲಾಟೆಯಲ್ಲಿ ಕೇಳಿಸಲಿಲ್ಲ. ಮೂಗಿನ ಕೆಳಗೆ ಹರಿಗೋಲು ತಂದು ಮತ್ತೆ "ಸಾಕು" ಅಂದ. ಅದರ ಉಸಿರಿಗೆ ಹರಿಗೋಲು ಬುಗುರಿಯಾಯಿತು, ಅಮಾವಾಸ್ಯೆಗೆ ತಿರುಗಲು ಹಿಡಿದದ್ದು ಹುಣ್ಣಿಮೆಗೆ ನಿಂತಿತು. ಮೂರನೇ ಸಲ ಗಡ್ಡ ಹಿಡಿದು ಹತ್ತಿ ಕಿವಿಯೊಳಗೇ ಕೂತ. ಗಂಟಲು ಒಣಗಿತ್ತು. "ಸಾಕು" ಅಂತ ಪಿಸುಗುಟ್ಟಿದ.

ನುಂಗ ಕುಡಿಯುವುದನ್ನು ನಿಲ್ಲಿಸಿತು.

"ಯಾರನ್ನು?"

"ಏನು, ಯಾರನ್ನು?" ಅಂದ ದುಗ್ಗ.

"ಸಾಕು ಅಂದೆಯಲ್ಲ. ಯಾರನ್ನು ಸಾಕಲಿ? ನಿನ್ನನ್ನಾ?"

ದುಗ್ಗ ತಿದ್ದಲು ಬಾಯಿ ತೆರೆದ.

"ನಿನಗೆ ಯಾರೂ ಇಲ್ವಾ, ಮಗಾ?" ಅಂದಿತು ಮೃಗ.

ತಿದ್ದಲು ತೆರೆದ ಬಾಯಿಂದಲೇ "ಇಲ್ಲ" ಅಂದ.

"ನನಗೂ ಇಲ್ಲ. ಬಂದವರೆಲ್ಲ ಬೇಕು ಅಂದರು. ಸಾಕು ಅಂದವನು ನೀನೊಬ್ಬನೇ. ಆದರೆ ಸಾಕೋದು ಹೇಗೆ ಅಂತ ನನಗೆ ಗೊತ್ತಿಲ್ಲ ಕಣೋ."

"ತಾನು ಉಣ್ಣೋಕೆ ಮುಂಚೆ ಮಗುವಿಗೆ ಅಂತ ಎತ್ತಿಡೋದು. ಅಷ್ಟೇ."

"ನೀನೇನು ತಿಂತೀಯ?"

"ಮೀನು. ಮೀನಿಗೆ ನೀರು ಬೇಕು, ನೀರಿಗೆ ಮಳೆ, ಮಳೆಗೆ ಬೆಟ್ಟ, ಬೆಟ್ಟಕ್ಕೆ ಕಾಡು."

"ಗೇಣು ಹೊಟ್ಟೆಗೆ ಇಷ್ಟೊಂದಾ?" ಅಂತ ಗೊಣಗುತ್ತಲೇ ನುಂಗ ಉಗುಳಿತು. ಕಾಡು ಬಂತು, ಬೆಟ್ಟ ಬಂತು, ಕೆರೆ ಬಂತು. ಚಿನ್ನವೆಲ್ಲ ಮಣ್ಣಿನ ಇಟ್ಟಿಗೆಯಾಯಿತು. ಮಣ್ಣಿನ ಗೋಡೆ ತಂಪು ಅಂತ ರಾಜನಿಗೆ ಗೊತ್ತಾದದ್ದು ಆಗಲೇ.

ಮಾಂತ್ರಿಕ ಓಡಿ ಬಂದ. "ನುಂಗೋ ಸೋಂಬೇರಿ, ಯಾಕೆ ನಿಲ್ಲಿಸಿದೆ?"

"ಮೆಲ್ಲಗೆ ಮಾತಾಡಯ್ಯ. ಮಗು ಉಣ್ತಾ ಇದೆ."

ಮಾಂತ್ರಿಕ ಮಂತ್ರಿಸಿದ ಬೂದಿಯನ್ನು ಅದರ ಮೂಗಿಗೆ ಎರಚಿದ. ನುಂಗ ಸೀನಿತು. ಅವನು ಏಳು ಸಮುದ್ರದಾಚೆ ಹಾರಿಹೋದ. ಬಿದ್ದ ಸದ್ದು ಇವತ್ತಿಗೂ ಬಂದಿಲ್ಲ.

ರಾಜ ಕೈಕಟ್ಟಿ ನಿಂತು ಕೇಳಿದ, "ಊರು ಕಟ್ಟಲು ಇನ್ನೇನೂ ಸಿಗುವುದಿಲ್ಲವೇ?"

"ಸಿಗುತ್ತೆ. ಮಗ ಉಂಡು ಮಿಕ್ಕಿದ್ದು."

ಅಂದಿನಿಂದ ಹೊಂಗೆರೆಯಲ್ಲಿ ಮರ ಕಡಿಯುವವನು, ಕಲ್ಲು ಒಡೆಯುವವನು, ಬಲೆ ಬೀಸುವವನು ಮೊದಲು ನುಂಗನನ್ನು ಕೇಳಬೇಕಿತ್ತು. "ಮಗುವಿಗೆ ಎತ್ತಿಟ್ಟೆಯಾ?" ಅಂತ ಅದು ಮೂಸಿ ನೋಡುತ್ತಿತ್ತು. ಹೋದವರೆಲ್ಲ ತಿರುಗಿ ಬಂದರು. ಎಲ್ಲರ ಒಲೆಯೂ ಉರಿಯಿತು, ಎಲ್ಲರ ತೊಟ್ಟಿಲೂ ತೂಗಿತು.

ದುಗ್ಗನ ಹರಿಗೋಲಿನ ತುಂಬ ಜನ, ಜನರ ತುಂಬ ಮಾತು. ಆದರೂ ಸಂಜೆಯಾಯಿತೆಂದರೆ ಅವರನ್ನೆಲ್ಲ ದಡಕ್ಕೆ ಬಿಟ್ಟು ಒಬ್ಬನೇ ಹೋಗಿ ಆ ಕಿವಿಯಲ್ಲಿ ಕೂರುತ್ತಿದ್ದ. "ಉಂಡೆಯಾ?" ಅಂತ ಕೇಳುತ್ತಿತ್ತು ಮೃಗ. ಉಂಡೇ ಹೋಗಿದ್ದರೂ ಇನ್ನೊಂದು ತುತ್ತು ತಿನ್ನುತ್ತಿದ್ದ. ತಾನು ಅಂದದ್ದು ಆ ಸಾಕು ಅಲ್ಲ ಅಂತ ಅವನು ಅದಕ್ಕೆ ಕೊನೆವರೆಗೂ ಹೇಳಲಿಲ್ಲ.